ಪಕ್ಕದ ಸ್ಕ್ರೀನು

ಪುತ್ತೂರಿನ ಒಂದು ಪ್ರಿಂಟಿಂಗ್ ಅಂಗಡಿಯಲ್ಲಿ ನನಗೆ ಕೆಲಸ. ಮದುವೆ ಕಾಗದ, ಗೃಹಪ್ರವೇಶದ ಆಮಂತ್ರಣ, ಸಂಘಗಳ ವಾರ್ಷಿಕ ವರದಿ ಎಲ್ಲ ಟೈಪ್ ಮಾಡಿ ಪುಟಕ್ಕೆ ಹೊಂದಿಸಿ ಕೊಡುತ್ತೇನೆ. ಕಲಿತದ್ದು ಕಡಬದ ಕಂಪ್ಯೂಟರ್ ತರಗತಿಯಲ್ಲಿ. ಅಲ್ಲಿನ ಮೇಡಂ ಯಾವ ಪ್ರೋಗ್ರಾಂ ತೆರೆದರೂ ಮೊದಲು ಮೇಲಿನ ಮೂಲೆಯ ಚೌಕ ಒತ್ತಿಸುತ್ತಿದ್ದರು. "ಸ್ಕ್ರೀನ್ ತುಂಬಾ ಒಂದೇ ಇರ್ಲಿ. ನಾಲ್ಕು ಕಡೆ ಕಣ್ಣು ಹಾಕಿದ್ರೆ ತಪ್ಪಾಗುದು" ಎನ್ನುತ್ತಿದ್ದರು. ಆ ಅಭ್ಯಾಸ ನನ್ನ ಕೈಗೆ ಅಂಟಿಕೊಂಡಿತು. ಗಿರಾಕಿ ಕಳಿಸಿದ ಫೋಟೋ ತೆರೆದರೆ ಕಾಗದ ಮರೆಯಾಗುತ್ತಿತ್ತು, ಕಾಗದಕ್ಕೆ ಬಂದರೆ ಫೋಟೋ ಮರೆಯಾಗುತ್ತಿತ್ತು. ಅದೊಂದು ಕಷ್ಟವೆಂದು ನನಗೆ ಅನ್ನಿಸಿಯೇ ಇರಲಿಲ್ಲ, ಅವಳು ಬರುವವರೆಗೆ.

ಅವಳು ನನಗಿಂತ ತುಂಬಾ ಚಿಕ್ಕವಳು, ಬ್ಯಾರಿ ಮನೆಯವಳು. ಗಂಡನ ಜೊತೆ ಗಲ್ಫಿನಲ್ಲಿದ್ದಾಗ ಜಾಹೀರಾತು ಮಾಡುವ ಆಫೀಸೊಂದರಲ್ಲಿ ದುಡಿದು, ಮಗಳನ್ನು ಇಲ್ಲಿನ ಶಾಲೆಗೆ ಸೇರಿಸಲೆಂದು ಊರಿಗೆ ಮರಳಿದ್ದಳು. ಯಜಮಾನರು ಅವಳಿಗೆಂದೇ ಅಗಲದ ಹೊಸ ಸ್ಕ್ರೀನು ತರಿಸಿದರು. ಇಷ್ಟು ವರ್ಷ ನಾನು ಹಳೆಯದರಲ್ಲೇ ಕಣ್ಣು ಕಿರಿದು ಮಾಡಿಕೊಂಡು ಕುಳಿತಿದ್ದೇನಲ್ಲ ಎಂಬ ಮಾತು ಬಾಯಿ ತನಕ ಬಂತು.

ಮೊದಲ ದಿನವೇ ಅವಳು ಮೌಸಿನಿಂದ ವಿಂಡೋಗಳ ಅಂಚು ಹಿಡಿದೆಳೆದು ಒಂದೊಂದನ್ನೂ ಬೇಕಾದಷ್ಟೇ ಚಿಕ್ಕದು ಮಾಡಿದಳು. ಎಡಕ್ಕೆ ಹಳೆಯ ಕಾಗದದ ಮಾದರಿ, ನಡುವೆ ಹೊಸ ಕಾಗದ, ಬಲಕ್ಕೆ ಫೋಟೋಗಳು, ಕೆಳಗಿನ ಮೂಲೆಯಲ್ಲಿ ಗಿರಾಕಿಯ ವಾಟ್ಸಾಪ್. ಎಲ್ಲವೂ ಒಟ್ಟಿಗೆ ಕಾಣುತ್ತಿದ್ದವು, ಒಂದರ ಮೇಲೊಂದು ಬೀಳುತ್ತಿರಲಿಲ್ಲ. ಯಜಮಾನರು ಅವಳ ಬೆನ್ನ ಹಿಂದೆ ನಿಂತು, "ನೋಡಿ ಮಾರಾಯ್ರೆ, ಎಷ್ಟು ಚಂದ ಉಂಟು! ಆಚೆ ಈಚೆ ಹೋಗುದೇ ಬೇಡ" ಎಂದರು. ಹೇಳಿದ್ದು ಅವಳಿಗೆ. ಆದರೆ ಕೊನೆಯ ಮಾತಿಗೆ ನನ್ನ ಕಡೆ ತಿರುಗಿದರು.

ಅಂದಿನಿಂದ ನನ್ನ ಕಣ್ಣು ನನ್ನ ಸ್ಕ್ರೀನಿಗಿಂತ ಹೆಚ್ಚು ಅವಳದರ ಮೇಲೆಯೇ. ಅವಳ ಪ್ರಿಂಟರ್ ಸದ್ದಾದರೆ ನನ್ನ ಬೆರಳು ನಿಲ್ಲುತ್ತಿತ್ತು. ಇಷ್ಟು ಬೇಗ ಹೇಗೆ ಮುಗಿಯಿತು? ಮುಗಿದದ್ದು ಸರಿ ಉಂಟೋ ಇಲ್ಲವೋ?

ಮರ್ಕಂಜದ ಒಬ್ಬ ಹೆಂಗಸಿನ ಮನೆಯ ಕಾಗದಗಳನ್ನೆಲ್ಲ ನಾನೇ ಮಾಡಿಕೊಟ್ಟಿದ್ದೆ. ಹಿರಿ ಮಗಳ ಮದುವೆಯದೂ ನನ್ನ ಕೈಯದೇ. ಕಿರಿ ಮಗಳ ಮದುವೆಯ ಕಾಗದ ಮಾಡಿಸಲು ಬಂದವರು ಅಭ್ಯಾಸದಂತೆ ನನ್ನ ಬಳಿಯೇ ಕುಳಿತರು. "ಅಕ್ಕನದ್ದರ ಹಾಗೆಯೇ ಬೇಕು, ಬಣ್ಣ ಮಾತ್ರ ಬೇರೆ" ಎಂದರು. ನಾನು ಹಳೆಯದನ್ನು ತೋರಿಸಿ, ಹೊಸದನ್ನು ತೋರಿಸಿ, ಮತ್ತೆ ಹಳೆಯದಕ್ಕೆ ಹೋದೆ. ಅಷ್ಟರಲ್ಲಿ ಅವರಿಗೆ ಮೊದಲಿನ ಬಣ್ಣ ಮರೆತು ಹೋಗುತ್ತಿತ್ತು. ಎರಡು ಸಲ ಹೀಗಾದ ಮೇಲೆ ಪ್ಲಾಸ್ಟಿಕ್ ಕುರ್ಚಿಯನ್ನು ಮೆಲ್ಲ ಅವಳ ಮೇಜಿನ ಕಡೆಗೆ ಎಳೆದುಕೊಂಡರು.

"ಬೇಜಾರು ಮಾಡ್ಬೇಡಿ. ಅಲ್ಲಿ ಎರಡೂ ಒಟ್ಟಿಗೆ ಕಾಣ್ತದಲ್ಲ, ಹಾಗೆ."

"ಎಂತ ಬೇಜಾರು, ಅಲ್ಲಿಯೇ ಮಾಡ್ಸಿ" ಎಂದೆ. ಅವರು ಅವಳ ಜೊತೆ ನಗುತ್ತಾ ಬಣ್ಣ ಆರಿಸುವುದನ್ನು ಕೇಳಿಸಿಕೊಂಡು ಕುಳಿತೆ. ಸಂಜೆ ಆಲಂಕಾರಿನ ಬಸ್ಸಿನಲ್ಲಿ ಮನೆಗೆ ಹೋಗುವಾಗ, ಅವಳು ವಿಂಡೋದ ಅಂಚು ಹಿಡಿದೆಳೆಯುವುದನ್ನೇ ನೆನೆಸಿಕೊಳ್ಳುತ್ತಾ ಕುಳಿತೆ.

ಮರುದಿನ ಅವಳಿಗಿಂತ ಮೊದಲೇ ಅಂಗಡಿಗೆ ಬಂದು, ನಾನೂ ಒಂದು ವಿಂಡೋದ ಅಂಚು ಹಿಡಿದೆ. ಹಿಡಿದಲ್ಲಿ ನಿಲ್ಲದು, ಬಿಟ್ಟಲ್ಲಿ ಇರದು. ಎಳೆದೂ ಎಳೆದೂ ಅದರ ತಲೆಯ ಪಟ್ಟಿಯೇ ಸ್ಕ್ರೀನಿನಿಂದ ಮೇಲೆ ಹೋಗಿ ಕುಳಿತಿತು. ಕೆಳಗೆ ತರುವ ದಾರಿ ಗೊತ್ತಾಗಲಿಲ್ಲ. ಕಂಪ್ಯೂಟರ್ ಬಂದ್ ಮಾಡಿಬಿಡೋಣ ಎಂದುಕೊಳ್ಳುವಾಗ ಹಿಂದೆ ಅವಳ ಚಪ್ಪಲಿಯ ಸದ್ದು.

ಅವಳು ನಗಲಿಲ್ಲ. "ಸ್ವಲ್ಪ ಸರಿಯಿರಿ ಅಕ್ಕಾ" ಎಂದು ಬಗ್ಗಿ ಯಾವುದೋ ಎರಡು ಕೀ ಒತ್ತಿ, ಬಾಣದ ಗುರುತಿನ ಕೀ ಹಿಡಿದಳು. ವಿಂಡೋ ಮೆಲ್ಲನೆ ಇಳಿದು ಬಂತು. "ನನಗೂ ಮೊದಲು ಹೀಗೆ ಓಡಿ ಹೋಗ್ತಿತ್ತು" ಎಂದಳು.

ನಕ್ಕಿದ್ದರೆ ಒಳ್ಳೆಯದಿತ್ತು. ಮನೆಗೆ ಹೋಗಿ ಬೈದುಕೊಳ್ಳಬಹುದಿತ್ತು. ಈಗ ಅದಕ್ಕೂ ಜಾಗವಿಲ್ಲದಂತೆ ಮಾಡಿದ್ದಳು. ಅವಳು ತನ್ನ ಕುರ್ಚಿಗೆ ಹೋದ ಕೂಡಲೇ ಚೌಕ ಒತ್ತಿ ಸ್ಕ್ರೀನು ತುಂಬಿಸಿಕೊಂಡೆ.

ಕೆಲವು ವಾರ ಕಳೆದ ಮೇಲೆ ಅವಳು ಮಾಡಿದ ಒಂದು ಕಾಗದದ ಪ್ರೂಫ್ ಪ್ರಿಂಟರಿನ ಬಳಿ ಬಿದ್ದಿತ್ತು. ಓದಿದೆ. 'ಆಶೀರ್ವಾದ'ದಲ್ಲಿ ಅರ್ಕಾವತ್ತು ಇರಲಿಲ್ಲ. ಚಿಕ್ಕ ವಿಂಡೋದಲ್ಲಿ ಅಕ್ಷರ ಇರುವೆಯಂತೆ ಕಂಡರೆ ಅರ್ಕಾವತ್ತು ಎಲ್ಲಿ ತೋರಬೇಕು? ನನಗಾದ ಸಂತೋಷ ಎಷ್ಟೆಂದರೆ, ಆ ಹಾಳೆಯನ್ನು ಯಜಮಾನರ ಮೇಜಿಗೇ ಒಯ್ದೆ. ಅವರು ಬೈಯುತ್ತಾರೆಂದು ಕಾದೆ. ಅವರು, "ಇನ್ನು ಪ್ರಿಂಟಿಗೆ ಹೋಗುವ ಮೊದಲು ನೀವೊಮ್ಮೆ ಎಲ್ಲ ಓದಿ" ಎಂದಷ್ಟೇ ಹೇಳಿ ಫೋನಿಗೆ ತಿರುಗಿದರು. ಅವಳು ಅದನ್ನು ಕೇಳಿ, "ಹೌದಕ್ಕಾ, ನನಗೆ ಒತ್ತಕ್ಷರ ಕಣ್ಣು ತಪ್ಪುತ್ತದೆ. ನೀವು ನೋಡಿದ್ರೆ ಧೈರ್ಯ" ಎಂದಳು. ನನ್ನ ಸ್ಕ್ರೀನು ತುಂಬ ಅವಳ ಕಾಗದಗಳು ಬರತೊಡಗಿದವು. ಓದಿ ತಿದ್ದಿದೆ. ತಪ್ಪು ಸಿಕ್ಕ ದಿನ ಊಟ ರುಚಿಸುತ್ತಿತ್ತು, ಸಿಗದ ದಿನ ಇಲ್ಲ.

ಈ ವರ್ಷ ಯಜಮಾನರು ಸುಬ್ರಹ್ಮಣ್ಯದಲ್ಲಿ ಇನ್ನೊಂದು ಅಂಗಡಿ ತೆರೆದರು. ಅಲ್ಲಿನ ಲಾಡ್ಜು, ಹೋಟೆಲುಗಳ ಬೋರ್ಡಿನ ಕೆಲಸ ತುಂಬಾ ಉಂಟಂತೆ. ನೋಡಿಕೊಳ್ಳಲು ಅವಳನ್ನು ಕೇಳಿದರು. ನನ್ನನ್ನು ಕೇಳಿದ್ದರೂ ದೂರವಾಗುತ್ತದೆ ಎನ್ನುತ್ತಿದ್ದೆ. ಆದರೂ ಕೇಳಬಹುದಿತ್ತು.

ಅವಳು ಹೋದ ಮೇಲೆ ಅಗಲದ ಸ್ಕ್ರೀನು ನನಗೆ ಬಂತು. ಅದರ ತುಂಬ ಒಂದೇ ಪುಟ ಹರಡಿದರೆ ಸಾಲಿನ ಈ ತುದಿಯಿಂದ ಆ ತುದಿಗೆ ಕತ್ತು ತಿರುಗಿಸಬೇಕು. ಎರಡು ದಿನಕ್ಕೆ ಭುಜ ನೋಯತೊಡಗಿತು. ಬೇರೆ ದಾರಿಯಿಲ್ಲದೆ ಅಂಚು ಎಳೆಯಲು ಕಲಿತೆ. ಈಗ ಎರಡು ವಿಂಡೋ ಅಕ್ಕಪಕ್ಕ ಇಟ್ಟುಕೊಳ್ಳುತ್ತೇನೆ. ಪ್ರೂಫ್ ಓದುವಾಗ ಮಾತ್ರ ಒಂದೇ.

ಮೊನ್ನೆ ಅವಳು ಹೊಸ ಅಂಗಡಿಯ ಫೋಟೋ ಕಳಿಸಿದ್ದಳು. ಗಾಜಿನ ಬಾಗಿಲು, ಫ್ಯಾನು, ಗಿರಾಕಿಗಳಿಗೆ ಉದ್ದದ ಬೆಂಚು. ಅವಳ ಮೇಜಿನ ಮೇಲೆ ಅಗಲದ ಎರಡು ಸ್ಕ್ರೀನುಗಳು ಜೋಡಿಯಾಗಿ ಕುಳಿತಿದ್ದವು. ಫೋನನ್ನು ಮಗುಚಿಟ್ಟೆ. ಚಹಾ ಕುಡಿದಾದ ಮೇಲೆ ಮತ್ತೆ ತೆಗೆದು, "ಎರಡು ಸ್ಕ್ರೀನಾ ಮಾರಾಯ್ತಿ? ನನಗೆ ಒಂದಕ್ಕೇ ಇಷ್ಟು ವರ್ಷ ಬೇಕಾಯ್ತು" ಎಂದು ಬರೆದೆ.

"ಒಮ್ಮೆ ಬನ್ನಿ ಅಕ್ಕಾ, ನೀವೂ ಕೂತು ನೋಡಿ" ಎಂದು ಕೂಡಲೇ ಉತ್ತರ ಬಂತು.

ಇನ್ನೂ ಹೋಗಿಲ್ಲ.