ನನ್ನ ಗಂಡನ ಕೈಮಾತು

ನನ್ನ ಯಜಮಾನರು ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಗುಮಾಸ್ತರು. ಮಾತು ಬಲು ಕಡಿಮೆ. ಮದುವೆಯಾದ ಹೊಸತರಲ್ಲಿ ಸಂಕೋಚ ಅಂದುಕೊಂಡೆ, ಆಮೇಲೆ ಇವರ ಸ್ವಭಾವವೇ ಇಷ್ಟು ಅಂತ ಸುಮ್ಮನಾದೆ. ಸಾರಿಗೆ ಉಪ್ಪು ಜಾಸ್ತಿಯಾದರೂ ಹೇಳುವವರಲ್ಲ, ಮಜ್ಜಿಗೆ ಸುರಿದುಕೊಂಡು ಉಂಡು ಎದ್ದುಹೋಗುವವರು. ಅಂಥವರು ಇನ್ನೊಬ್ಬ ಹುಡುಗಿಯ ಮುಂದೆ ನಗುನಗುತ್ತಾ ಹರಟುವುದನ್ನು ನಾನು ನೋಡಬೇಕಾಗಿ ಬಂತು, ಅದೂ ನಮ್ಮ ಚರ್ಚಿನ ಅಂಗಳದಲ್ಲಿ.

ನಮ್ಮದು ಚಿಕ್ಕ ಕ್ರೈಸ್ತ ಸಭೆ. ಒಂದು ಭಾನುವಾರ ನೊಣವಿನಕೆರೆಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಬಂದಳು. ಹುಡುಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳದು, ಮಾತೂ ಇಲ್ಲ; ಕಿವುಡ ಮಕ್ಕಳ ಶಾಲೆಯಲ್ಲಿ ಕಲಿತ ಸನ್ನೆಯೇ ಅವಳ ಭಾಷೆ. ಪ್ರಸಂಗದ ನಡುವೆ ಪಾದ್ರಿ ಅಯ್ಯನವರು ಏನೋ ತಮಾಷೆ ಹೇಳಿದರು. ಎಲ್ಲರೂ ನಕ್ಕೆವು. ಅವಳು ಸುತ್ತ ನೋಡಿ, ಆಮೇಲೆ ನಕ್ಕಳು.

ಅವತ್ತು ಮಧ್ಯಾಹ್ನ ಇವರು ತಟ್ಟೆಯ ಮುಂದೆ ಕೂತವರು ಅನ್ನ ಕಲಸಲೇ ಇಲ್ಲ.

“ನಾವು ನಕ್ಕಿದ್ದು ನೋಡ್ಕಂಡು ನಕ್ಳು ಕಣೇ ಆ ಹುಡುಗಿ. ಯಾಕೆ ನಗ್ತಿದೀನಿ ಅಂತ ಅವಳಿಗೇ ಗೊತ್ತಿಲ್ಲ. ದೇವ್ರ ಮಾತೂ ಅವಳಿಗೆ ಹಂಗೇ ಅಲ್ವಾ?”

“ಅದಕ್ಕೆ ನೀವೇನ್ ಮಾಡಕಾಯ್ತದೆ, ಬುಡಿ” ಅಂದೆ.

ಅವರು ಬಿಡಲಿಲ್ಲ. ಆ ವಾರವೆಲ್ಲ ಪ್ರಾರ್ಥನೆ ಮಾಡಿದರು. ಕೊನೆಗೆ, “ಇದು ನಂಗೇ ಅಂತ ಬಂದಿರೋ ಕರೆ ಕಣೇ” ಅಂದರು. ರಜೆ ಸಿಕ್ಕಾಗಲೆಲ್ಲ ತುಮಕೂರಿಗೆ ಹೋಗಿ, ಕಿವುಡ ಮಕ್ಕಳಿಗೆ ಪಾಠ ಹೇಳುವ ಒಬ್ಬ ಮೇಷ್ಟ್ರ ಹತ್ತಿರ ಸನ್ನೆಭಾಷೆ ಕಲಿತರು. ಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು, ಮೊಬೈಲಿನ ವಿಡಿಯೋ ನೋಡುತ್ತಾ ಕನ್ನಡಿಯ ಮುಂದೆ ಕೈ ಆಡಿಸುತ್ತಿದ್ದರು. ಎರಡು ವರ್ಷವೇ ಹಿಡಿಯಿತು. ಆಮೇಲೆ ಪ್ರತಿ ಭಾನುವಾರ ಅಯ್ಯನವರ ಪಕ್ಕ ನಿಂತು ಇಡೀ ಪ್ರಸಂಗವನ್ನು ಕೈಯಲ್ಲಿ ಹೇಳತೊಡಗಿದರು. ಸುದ್ದಿ ತಿಳಿದು ತುರುವೇಕೆರೆಯಿಂದ ಕಿವಿ ಕೇಳದ ಒಬ್ಬ ಮೂಗ ಬಡಗಿಯೂ ಬರಲು ಶುರುಮಾಡಿದ.

ಎಲ್ಲರೂ ಇವರನ್ನು ಹೊಗಳುವವರೇ. ನನಗೆ ಮಾತ್ರ ಹೊಟ್ಟೆ ಉರಿಯುತ್ತಿತ್ತು. ಹುಬ್ಬು ಏರಿಸಿ, ಕೆನ್ನೆ ಉಬ್ಬಿಸಿ, ಕಣ್ಣರಳಿಸಿ ಅವರು ಅಂಗಳದಲ್ಲಿ ಆ ಹುಡುಗಿಯೊಂದಿಗೆ ಕೈಯಲ್ಲೇ ಹರಟುತ್ತಿದ್ದರೆ, ಈ ಮುಖ ಇಷ್ಟು ವರ್ಷ ಎಲ್ಲಿತ್ತು ಅನ್ನಿಸುತ್ತಿತ್ತು. ಬೇರೆ ಥರದ ಸಂಬಂಧವಾಗಿದ್ದರೆ ಬೀದಿಯಲ್ಲಿ ನಿಂತು ಕೂಗಾಡಬಹುದಿತ್ತು. ಇದರಲ್ಲಿ ಒಂದು ಚೂರೂ ತಪ್ಪಿರಲಿಲ್ಲ. ದೂರು ಹೇಳೋಣವೆಂದು ಮೊಣಕಾಲೂರಿದರೆ, ಕೇಳಿಸಿಕೊಳ್ಳುವವನೇ ಇವರಿಗೆ ಆ ಕೆಲಸ ಕೊಟ್ಟವನು.

ಹುಡುಗಿಗೆ ಮದುವೆ ಗೊತ್ತಾಯಿತು. ನಾನು ಮನೆಯಲ್ಲೇ ಹೊಲಿಗೆ ಮಾಡುತ್ತೇನಾದ್ದರಿಂದ ರವಿಕೆ ಅಳತೆ ಕೊಡಲು ಒಬ್ಬಳೇ ಬಂದಳು. ಇವರು ಮಂಡಿಯಲ್ಲಿದ್ದರು. ನಾನು ಬಿಗುವಾಗಿಯೇ ಟೇಪು ಹಿಡಿದೆ. ಅವಳು ನನ್ನತ್ತ ಬೆರಳು ತೋರಿಸಿ, ತುಟಿಯ ಹತ್ತಿರ ಎರಡು ಬೆರಳು ಕೂಡಿಸಿ, ಹಲ್ಲಿನಿಂದ ಏನೋ ಕಚ್ಚಿ ಹರಿದಂತೆ ಮಾಡಿದಳು. ಮತ್ತೆ ಮತ್ತೆ ಅದನ್ನೇ. ಹೊಳೆಯಲು ಹೊತ್ತಾಯಿತು. ಹೊಲಿಯುವಾಗ ನಾನು ಹಲ್ಲಿನಲ್ಲಿ ದಾರ ಕಡಿಯುತ್ತೇನೆ. ಅವರ ಭಾಷೆಯಲ್ಲಿ ಅದೇ ನನ್ನ ಹೆಸರು! ಇವರು ಇಟ್ಟದ್ದು.

ನನಗೆ ನಗು ಬಂತು. ಅಷ್ಟರಲ್ಲಿ ಅವಳು ತೋಳಲ್ಲಿ ಮಗು ತೂಗಿದಂತೆ ಮಾಡಿದಳು. ತೂಗುವುದನ್ನು ನಿಲ್ಲಿಸಿ ತೋಳು ಖಾಲಿ ಮಾಡಿದಳು. ಮತ್ತೆ ದಾರ ಕಚ್ಚುವ ಸನ್ನೆ, ಪುಟ್ಟ ಅಂಗಿ ಹೊಲಿಯುವ ಸನ್ನೆ. ಕೊನೆಗೆ ನನ್ನ ಕೈ ಹಿಡಿದುಕೊಂಡಳು.

ನಮ್ಮ ಮಗು ಹುಟ್ಟಿದ ಮೂರನೆಯ ದಿನ ಹೋಗಿತ್ತು. ಪೆಟ್ಟಿಗೆಯಲ್ಲಿಡುವ ಮೊದಲು ತೊಡಿಸಲು ಅಂಗಿ ಹೊಲಿದವಳು ನಾನೇ. ಅದರ ಬಗ್ಗೆ ಇವರು ನನ್ನೊಂದಿಗೆ ಯಾವತ್ತೂ ಒಂದು ಮಾತು ಆಡಿದವರಲ್ಲ.

ಸಂಜೆ ಇವರು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ನಮ್ ಮಗೀನ್ ವಿಷ್ಯ ಆ ಹುಡುಗಿಗೆ ಹೇಳಿದೀರಾ?”

“ಹೂಂ. ಒಂದಿನ ಕೇಳಿದ್ಲು, ಮಕ್ಕಳಿಲ್ವಾ ಅಂತ.”

“ನಂತಾವ ಒಂದಿನನಾದ್ರೂ ಬಾಯ್ಬಿಟ್ರಾ? ನಾನೇನ್ ಹೊರಗಿನೋಳಾ?”

ಅವರು ಬಾಗಿಲಲ್ಲೇ ನಿಂತರು. “ಬಾಯಲ್ಲಿ ಬರ್ಲಿಲ್ಲ ಕಣೇ. ಎಷ್ಟೋ ಸಲ ಹೇಳಕ್ ನೋಡ್ದೆ. ಕೈಯಲ್ಲಿ ಬಂತು.”

“ಹಂಗಾದ್ರೆ ಕೈಯಲ್ಲೇ ಹೇಳಿ.”

ಅಲ್ಲೇ ಜಗಲಿಯ ಮೇಲೆ ಕೂತು ಹೇಳಿದರು. ಪೂರ್ತಿ ಅರ್ಥವಾಗಲಿಲ್ಲ. ಆದರೆ ಅಳು ಎಂಬುದಕ್ಕೆ ಯಾವ ಸನ್ನೆ ಅಂತ ಯಾರೂ ಹೇಳಿಕೊಡಬೇಕಾಗಲಿಲ್ಲ. ಅವರು ಆ ದಿನ ಆಸ್ಪತ್ರೆಯ ಹಿಂದೆ ಹೋಗಿ ಅತ್ತಿದ್ದರಂತೆ. ನನಗೆ ಗೊತ್ತೇ ಇರಲಿಲ್ಲ.

ರವಿಕೆಯನ್ನು ಮನಸ್ಸಿಟ್ಟು ಹೊಲಿದುಕೊಟ್ಟೆ. ಹುಡುಗಿ ಮದುವೆಯಾಗಿ ಅರಸೀಕೆರೆಯ ಕಡೆ ಹೋದಳು. ಉಳಿದವನು ಬಡಗಿಯೊಬ್ಬನೇ.

“ಒಬ್ಬನಿಗೋಸ್ಕರ ಯಾಕಪ್ಪ ಇಷ್ಟು ಕಷ್ಟ? ಪಕ್ಕದಲ್ಲಿ ಕೂತು ಚೀಟೀಲಿ ಬರೆದು ತೋರಿಸಿದರಾಗದೇ?” ಅಂದರು ಅಯ್ಯನವರು.

“ಎಷ್ಟು ಜನಕ್ಕೆ ಅಂತ ಕರೆದೋನು ನಂಗೆ ಹೇಳ್ಲಿಲ್ಲ ಅಯ್ಯನೋರೆ” ಅಂದರು ಇವರು. ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ನಿಂತರು. ಈಗಲೂ ನಿಲ್ಲುತ್ತಾರೆ.

ನಾನೂ ಅವರ ಹತ್ತಿರವೇ ಸನ್ನೆ ಕಲಿಯುತ್ತಿದ್ದೇನೆ, ನಿಧಾನವಾಗಿ. ಆರಾಧನೆ ಮುಗಿದ ಮೇಲೆ ಇವರೂ ಬಡಗಿಯೂ ಅಂಗಳದಲ್ಲಿ ನಿಂತು ಕೈಯಲ್ಲೇ ಹರಟುತ್ತಾರೆ, ಬಿದ್ದು ಬಿದ್ದು ನಗುತ್ತಾರೆ. ಚೀಲ ಹಿಡಿದು ಪಕ್ಕದಲ್ಲಿ ನಿಂತ ನನಗೆ ಅರ್ಧ ತಿಳಿಯುತ್ತದೆ. ಇನ್ನರ್ಧಕ್ಕೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.