ತಡವಾಗಿ ತಂದ ಕಣ್ಣುಗಳು

—ಎರಡು ತಾಸು ಇರಬಹುದು, ಮೂರೂ ಇರಬಹುದು. ಗಡಿಯಾರ ನೋಡಿದ ನೆನಪಿದೆ, ಮುಳ್ಳು ಎಲ್ಲಿತ್ತು ಎಂಬುದು ನೆನಪಿಲ್ಲ. ಅರ್ಧ ತಾಸಂತೂ ಅಲ್ಲ, ಮಾಳಮ್ಮ. ಕುರಿ ಕೊಯ್ದು ಅರ್ಧ ತಾಸಾಯಿತು ಎಂದು ನಿನಗೆ ಹೇಳಿದ್ದು ಸುಳ್ಳು. ಒಂದು ದಿನವಲ್ಲ, ವರ್ಷವಿಡೀ.

ಯಾದಗಿರಿಯ ಆ ಪುಟ್ಟ ಪ್ರಯೋಗಾಲಯದಲ್ಲಿ ನೀನು ಹುಡುಕುತ್ತಿದ್ದದ್ದು ಒಂದೇ: ಕುರಿಯ ಕಣ್ಣಿನ ಪಾಪೆಯನ್ನು ಹಿಗ್ಗಿಸಿ ಕುಗ್ಗಿಸುವ ಪೊರೆಯಲ್ಲಿ ಸೆರೊಟೋನಿನ್ ಹೊತ್ತ ನರಗಳಿವೆಯೇ? ನರದಿಂದ ನರಕ್ಕೆ ಸುದ್ದಿ ಮುಟ್ಟಿಸುವ ಆ ರಾಸಾಯನಿಕ, ಪ್ರಾಣ ಹೋದ ಮೇಲೆ ಬಹಳ ಹೊತ್ತು ಉಳಿಯುವುದಿಲ್ಲ. ಮಟನ್ ಅಂಗಡಿಯಿಂದ ಕಣ್ಣು ಬೇಗ ಬರಬೇಕಿತ್ತು. ತರುವ ಕೆಲಸವನ್ನು, ನಿನಗಿಂತ ಹಿರಿಯ ಎಂದು, ನಾನೇ ವಹಿಸಿಕೊಂಡಿದ್ದೆ.

“ನಾ ಹೋಗ್ತೀನಿ ಬಿಡ್ರಿ ಅಣ್ಣಾರ, ನಮ್ಮದು ಕುರಿ ಮನಿ, ನನಗೇನು ಹೇಸಿಗಿ ಇಲ್ಲ” ಎಂದಿದ್ದೆ ನೀನು. ನಾನು ಬೇಡ ಎಂದೆ.

ಮಟನ್ ಅಂಗಡಿಯ ಎದುರೇ ನನ್ನ ಸೋದರಮಾವನ ಕಿರಾಣಿ ಅಂಗಡಿ. ಲಿಂಗ ಕಟ್ಟಿಕೊಂಡ ಮನೆಯವನು ಅಲ್ಲಿ ಚೀಲ ಹಿಡಿದು ನಿಲ್ಲುವುದೆಂದರೆ—ನಿಲ್ಲಲಾಗಲಿಲ್ಲ. ಮಾವ ನಾಷ್ಟಾಕ್ಕೆ ಮನೆಗೆ ಹೋಗುವವರೆಗೆ ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದೆ.

“ಏನ್ರಿ ಸರ, ಕುರಿ ಕಣ್ಣ ಮುಚ್ಚಿ ಎಷ್ಟೊತ್ತಾತು, ನೀವು ಈಗ ಕಣ್ಣ ತೆರದೀರಿ!” ಎಂದು ಅಂಗಡಿಯವನು ನಗುತ್ತಿದ್ದ. ಕಣ್ಣುಗಳು ಬಿಸಿಲಿಗೆ ಬೆಚ್ಚಗಾಗಿರುತ್ತಿದ್ದವು. ನಿನಗೆ ಗೊತ್ತಾಗದಿರಲೆಂದು ದಾರಿಯಲ್ಲಿ ಚೀಲಕ್ಕೆ ಹೊಸ ಐಸ್ ತುಂಬಿಸುತ್ತಿದ್ದೆ.

“ಎಷ್ಟೊತ್ತಾತ್ರಿ ಅಣ್ಣಾರ?”

“ಅರ್ಧ ತಾಸು.”

ನೀನು ಬರೆದುಕೊಳ್ಳುತ್ತಿದ್ದೆ. ಮೊದಲ ದಿನ ನಾನು ನಾಚಿಕೆಗೆ ಸುಳ್ಳು ಹೇಳಿದೆ; ಆಮೇಲೆ ಮೊದಲ ದಿನದ ಮಾತನ್ನು ಉಳಿಸಿಕೊಳ್ಳಲು.

ಆ ನರಗಳಿದ್ದರೆ, ನೀನು ಹಾಕಿದ ಬಣ್ಣ ಹಿಡಿದು, ಸೂಕ್ಷ್ಮದರ್ಶಕದಡಿ ಹಸಿರು ಎಳೆಗಳಾಗಿ ಹೊಳೆಯಬೇಕಿತ್ತು. ಕತ್ತಲೆ. ಮತ್ತೆ ಕತ್ತಲೆ. ನೀನು ಔಷಧ ಬದಲಿಸಿ ನೋಡಿದೆ, ನೀರು ಬದಲಿಸಿ ನೋಡಿದೆ. ಕೊನೆಗೆ ಬೆರಳುಗಳನ್ನು ನನ್ನ ಮುಂದೆ ಚಾಚಿ, “ಈ ಕೈಯಾಗ ಏನೋ ಐಬ ಅದರಿ” ಎಂದೆ. ನಾನು ಸುಮ್ಮನಿದ್ದೆನೋ, ಹೌದೆಂದು ತಲೆಯಾಡಿಸಿದೆನೋ? ಸುಮ್ಮನಿದ್ದೆ ಎಂದು ಬರೆಯಲು ಮನಸ್ಸು ಎಳೆಯುತ್ತದೆ. ಅದಕ್ಕೇ ಆ ನೆನಪನ್ನು ನಂಬಲಾರೆ.

ನೀನು ಸಂಶೋಧನೆ ಬಿಟ್ಟು ಹೋದೆ. ಹೋದ ತಿಂಗಳು ಸುರಪುರದ ತಾಲೂಕು ಕಚೇರಿಯ ಎದುರು, ಝೆರಾಕ್ಸ್ ಅಂಗಡಿಯಲ್ಲಿ ನೀನು ಸಿಕ್ಕೆ. ನನ್ನ ಪಹಣಿಯ ಪ್ರತಿ ತೆಗೆಯುತ್ತ, “ಆ ಕೆಲಸ ಈ ಕೈಗಿ ಬರಲಿಲ್ಲ ಬಿಡ್ರಿ. ಈ ಮಷೀನಾದ್ರೂ ಹೇಳಿದಂಗ ಕೇಳ್ತದ” ಎಂದು ನಕ್ಕೆ. ನಿಜ ಹೇಳಲು ನಾನು ಬಾಯಿ ತೆರೆದೆ—ಹಿಂದಿದ್ದವರು ಅವಸರ ಮಾಡಿದರು. ಅಥವಾ ಹಿಂದೆ ಯಾರೂ ಇರಲಿಲ್ಲ. ಕಾಗದ ತೆಗೆದುಕೊಂಡು ಹೊರಟುಬಂದೆ.

ನಿನ್ನ ಕೈಯಲ್ಲಿ ಐಬಿರಲಿಲ್ಲ ಎಂದು ಇಲ್ಲಿ ಬರೆಯಬೇಕೆಂದಿದ್ದೆ. ಅದೂ ಆಗುತ್ತಿಲ್ಲ. ಆ ನರಗಳಿದ್ದು ನಾನು ಕೆಡಿಸಿದೆನೋ, ಮೊದಲೇ ಇರಲಿಲ್ಲವೋ, ನಿನ್ನ ಕೈಯೇ ತಪ್ಪಿತ್ತೋ—ನಿನ್ನ ನಂತರ ಅಲ್ಲಿ ಯಾರೂ ನೋಡಲಿಲ್ಲ. ನನಗೆ ಗೊತ್ತಿಲ್ಲ.