ಹೆಂಚಿನ ಕಾರ್ಖಾನೆಯ ಹೆಣ್ಣಿನ ಹೆಸರು

ಸತ್ತು ಎಷ್ಟೋ ಕಾಲವಾಗಿರಬೇಕಾದ ಒಬ್ಬ ಹೆಂಗಸಿನ ಮೇಲೆ ನನಗೆ ಹೊಟ್ಟೆಕಿಚ್ಚು ಹತ್ತಿತು ಎಂದರೆ ನಗುವವರು ನಗಲಿ. ಹತ್ತಿದ್ದು ನಿಜ. ಆಕೆ ಇದ್ದದ್ದು ಒಂದು ಫೋಟೋದಲ್ಲಿ. ಆ ಫೋಟೋ ಇದ್ದದ್ದು ದಾವಣಗೆರೆಯ ವಿನೋಬನಗರದ ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಮೇಲುಗಡೆ, ನಾನು ಊಟಕ್ಕೆ ಕೂತರೆ ನೇರ ಕಣ್ಣಿಗೆ ಬೀಳುವಂತೆ.

ನನ್ನ ಯಜಮಾನರು ಹರಿಹರ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದವರು. ನಿವೃತ್ತರಾದ ಮೇಲೆ ಕೆಲವರಿಗೆ ವಾಕಿಂಗ್ ಹುಚ್ಚು, ಕೆಲವರಿಗೆ ದೇವರ ಹುಚ್ಚು. ಇವರಿಗೆ ಹಳೇ ಫೋಟೋದ ಹುಚ್ಚು ಹಿಡಿಯಿತು. ಗುಜರಿಯವರು, ಮುಚ್ಚಿಹೋದ ಸ್ಟುಡಿಯೋದವರು, ಸತ್ತವರ ಟ್ರಂಕು ಖಾಲಿ ಮಾಡುವವರು, ಎಲ್ಲರ ಹತ್ತಿರವೂ ಇವರ ನಂಬರ್ ಇತ್ತು. ತುಂಗಭದ್ರೆಯ ಮೇಲೆ ಅರ್ಧ ಎದ್ದ ರೈಲು ಸೇತುವೆ, ನೀರು ತುಂಬಿಸಿಕೊಳ್ಳುತ್ತ ನಿಂತ ಮೀಟರ್‌ಗೇಜ್ ಎಂಜಿನ್, ಮಂಗಳೂರು ಕಡೆಯ ಹೆಂಚಿನ ಕಾರ್ಖಾನೆ, ಹೆಂಚು ಹೇರಿಕೊಂಡು ಸಾಲಾಗಿ ನಿಂತ ದೋಣಿಗಳು. ಕರಾವಳಿಯಲ್ಲಿ ಸುಟ್ಟ ಹೆಂಚು ಹಡಗು ಹತ್ತಿ, ರೈಲು ಹತ್ತಿ ನಮ್ಮ ಕಡೆಯ ಮನೆಗಳ ಮಾಡು ಏರಿದ ಕತೆಯನ್ನು ಫೋಟೋದಲ್ಲೇ ಹೇಳುತ್ತೇನೆಂದು ಹೊರಟಿದ್ದರು. ನನ್ನದೇನೂ ತಕರಾರಿರಲಿಲ್ಲ. ಎಂಜಿನ್ ಮೇಲೆ ಯಾರಿಗೆ ಹೊಟ್ಟೆಕಿಚ್ಚು?

ಆಮೇಲೆ ಈಕೆ ಬಂದಳು. ಕಾರ್ಖಾನೆಯ ಅಂಗಳದಲ್ಲಿ, ತಲೆಯ ಮೇಲೆ ಹಸಿ ಹೆಂಚಿನ ಅಟ್ಟಿ ಹೊತ್ತು, ಸೆರಗನ್ನು ಸೊಂಟಕ್ಕೆ ಬಿಗಿದು, ಕ್ಯಾಮೆರಾವನ್ನೇ ದುರುಗುಟ್ಟಿಕೊಂಡು ನಿಂತವಳು. ಚಂದ ಇದ್ದಳು, ಸುಳ್ಳು ಯಾಕೆ ಹೇಳಲಿ? ಫೋಟೋದ ಹಿಂದೆ ಪೆನ್ಸಿಲಿನಲ್ಲಿ ಕಾರ್ಖಾನೆಯ ಹೆಸರಿತ್ತು, ಪಕ್ಕದಲ್ಲಿ ಟೋಪಿ ಹಾಕಿಕೊಂಡು ನಿಂತ ದೊರೆಯ ಹೆಸರಿತ್ತು. ಈಕೆಯ ಹೆಸರು ಮಾತ್ರ ಇರಲಿಲ್ಲ. ಬರೀ ‘ಹೆಣ್ಣಾಳು’ ಎಂದಿತ್ತು.

"ಇದು ಅನ್ಯಾಯ ಅಲ್ಲೇನೇ? ಪಾಪ, ಅಷ್ಟು ಭಾರ ಹೊತ್ತಾಳ. ಒಂದು ಹೆಸರು ಬರ್ಯಾಕೆ ಏನು ರೋಗ ಬಂದಿತ್ತು ಇವರಿಗೆ?" ಎಂದರು ಇವರು.

ಅವರ ಕಣ್ಣಲ್ಲಿ ನೀರಿತ್ತು. ನಮ್ಮವ್ವ ಸತ್ತಾಗಲೂ ಬಾರದಿದ್ದ ನೀರು.

ಅಲ್ಲಿಂದ ಶುರುವಾಯಿತು ಹೆಸರಿನ ಬೇಟೆ. ವಾಟ್ಸಾಪಿನಲ್ಲಿ ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ ಆಕೆಯ ಫೋಟೋ ಹೋಯಿತು. ಮಂಗಳೂರಿಗೇ ಎರಡು ಸಲ ಹೋಗಿಬಂದರು. ನಾನೂ ಬರುತ್ತೇನೆಂದರೆ, "ನಿನಗ್ಯಾಕ ಆ ಸೆಕೆ, ಬ್ಯಾಡ" ಎಂದರು. ಅಲ್ಲಿಂದ ಫೋನು: "ಏ, ಆಕೀ ಕಡೇರು ಯಾರೋ ಒಬ್ರು ಅದಾರಂತೆ, ನಾಳೆ ಹೋಗಿ ನೋಡ್ತೀನಿ!" ಮದುವೆಗೆ ಹೆಣ್ಣು ನೋಡಲು ಬಂದಾಗ ಇಷ್ಟು ಉತ್ಸಾಹ ಕಂಡಿರಲಿಲ್ಲ ನಾನು.

ನನ್ನ ಹೆಸರು ‘ಏ’. ಮಗಳು ಹುಟ್ಟಿದ ಮೇಲೆ ‘ನಿಮ್ಮವ್ವನ್ನ ಕರಿ’. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ‘ನಮ್ಮನೆಯವರು’, ಹೆಸರು ಬೇಕೇಬೇಕು ಅಂದರೆ ಆಧಾರ್ ಕಾರ್ಡು ಮುಂದೆ ಚಾಚುವುದು. ನಮ್ಮ ಕಾಲದ ಗಂಡಸರೇ ಹಾಗೆ, ಹೆಂಡತಿಯ ಹೆಸರು ಹಿಡಿದು ಕರೆಯುವುದೆಂದರೆ ನಾಚಿಕೆ. ನಾನೂ ಅದನ್ನು ಮನಸ್ಸಿಗೆ ಹಚ್ಚಿಕೊಂಡವಳಲ್ಲ. ಆದರೆ ಕಂಡಿಲ್ಲ ಕೇಳಿಲ್ಲದ ಹೆಂಗಸಿನ ಹೆಸರಿಗಾಗಿ ಇವರು ಊರೂರು ಅಲೆಯುವುದನ್ನು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಆಕೆಯ ಹೆಸರು ಬೇಕು, ನನ್ನದು ಬ್ಯಾಡವೇ? ಒಂದು ಸಲ, ಒಂದೇ ಸಲ ಇವರ ಬಾಯಿಂದ ನನ್ನ ಹೆಸರು ಕೇಳಬೇಕೆಂಬ ಹಟ ಹಿಡಿಯಿತು. ಹಾಗಂತ ಬಾಯಿಬಿಟ್ಟು ಬೇಡಲು ನಾನೇನು ಭಿಕ್ಷೆಗೆ ನಿಂತವಳೇ?

ಫೋಟೋಕ್ಕೆ ಕಟ್ಟು ಹಾಕಿದ ಭಾಯಿ ಮಂಡಿಪೇಟೆಯಿಂದ ತಾವೇ ಬಂದು ಮೊಳೆ ಹೊಡೆದು ತೂಗುಹಾಕಿದರು. ನೋಡುತ್ತೇನೆ, ತೇಗದ ಕಟ್ಟು, ಮೇಲೆ ಪುಟ್ಟ ಕೆಂಪು ಬಲ್ಬು, ಹಾರ ಹಾಕಲು ಕೊಕ್ಕೆ!

"ಇದೆಲ್ಲ ಯಾಕ್ರಿ ಭಾಯಿ?" ಎಂದೆ.

"ಯಾಕಂದ್ರೆ? ಸಾಹೇಬ್ರ ತಾಯಿಯವರಲ್ವಾ ಅಕ್ಕಾರೆ? ಅಷ್ಟು ಜತನದಿಂದ ಎದೆಗೆ ಅವುಚ್ಕೊಂಡು ತಂದಿದ್ರು."

"ತಾಯಿ ಅಲ್ಲ, ನನ್ನ ಸವತಿ."

ಭಾಯಿ "ತೋಬಾ ತೋಬಾ" ಎಂದು ಕೆನ್ನೆ ಮುಟ್ಟಿಕೊಂಡು ಬಲ್ಬು ಬಿಚ್ಚಲು ಹೋದರು. "ಇರ್ಲಿ ಬಿಡ್ರಿ, ಚಲೋ ಕಾಣ್ತೈತೆ" ಎಂದು ಇವರು ತಡೆದರು. ನನ್ನ ಅಡುಗೆಮನೆಯ ಟ್ಯೂಬ್‌ಲೈಟ್ ಮಿಣಮಿಣ ಅನ್ನತೊಡಗಿ ಎಷ್ಟೋ ದಿನವಾಗಿತ್ತು, ಅದನ್ನು ಕೇಳುವವರೇ ಇಲ್ಲ. ಈಕೆಗೆ ಹಗಲೂ ದೀಪ! ಸವತಿ ಮಣ್ಣಿನವಳಾದರೂ ಸವತಿಯೇ ಎಂದು ನಮ್ಮವ್ವ ಹೇಳುತ್ತಿದ್ದಳು. ದಿನಾ ಗಾಜು ಒರೆಸುವಾಗ ನಾನು ಆಕೆಯನ್ನು ಒಂದೆರಡು ಮಾತು ಅಂದೇ ಅನ್ನುತ್ತಿದ್ದೆ. ಆಕೆ ದುರುಗುಟ್ಟುವುದನ್ನು ಬಿಡಲಿಲ್ಲ, ನಾನೂ ಬಿಡಲಿಲ್ಲ.

ಕಡೆಗೆ ಹರಿಹರದಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಶಾಲೆಯ ಹಾಲಿನಲ್ಲಿ, ಇವರ ಫೋಟೋಗಳ ಪ್ರದರ್ಶನ ಏರ್ಪಾಡಾಯಿತು. ಅಲ್ಲೇ ಹತ್ತಿರದ ಸಾರಥಿ ಎಂಬ ಊರಿಗೆ ಕೊಟ್ಟ ನನ್ನ ನಾದಿನಿಯೂ ಬಂದಿದ್ದಳು. ನನ್ನ ಸಂಕಟ ಹೇಳಿಕೊಂಡಿದ್ದು ಅವಳೊಬ್ಬಳ ಹತ್ತಿರವೇ. ಸೇತುವೆಯನ್ನೂ ಎಂಜಿನ್ನನ್ನೂ ಸರಸರ ನೋಡಿ ಮುಗಿಸಿದ ಜನ ಈಕೆಯ ಮುಂದೆ ಬಂದು ಗುಂಪುಕಟ್ಟಿದರು. ನಾನು ಇಸ್ತ್ರಿ ಮಾಡಿಕೊಟ್ಟ ಬಿಳಿ ಅಂಗಿ ತೊಟ್ಟು ಇವರು ಆಕೆಯ ಪಕ್ಕ ನಿಂತಿದ್ದರು.

"ಈ ತಾಯಿ ಹೆಸರು ಹುಡುಕಿ ಹುಡುಕಿ ಸಾಕಾತು, ಸಿಗ್ಲಿಲ್ಲ. ಒಂದು ಜೀವಾನ ಹೆಸರಿಲ್ದಂಗೆ ಮಾಡೋದು ದೊಡ್ಡ ಪಾಪ ನೋಡ್ರಿ" ಎಂದರು.

ಜನ ಲೊಚಗುಟ್ಟಿದರು. ನನ್ನ ನಾದಿನಿಗೆ ತಡೆಯಲಾಗಲಿಲ್ಲ.

"ಅಣ್ಣಾ, ಆಕೀದು ಇರ್ಲಿ. ಅತ್ಗೆ ಹೆಸರು ಹೇಳು ನೋಡಾನ! ಮದುವ್ಯಾಗ ನಾನು ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬಾ ಅಂದ್ರೆ, ಡ್ಯೂಟಿಗೆ ಹೊತ್ತಾತು ಅಂತ ನುಸುಳ್ಕೊಂಡಿದ್ದಿ. ಇವತ್ತು ಬಿಡಂಗಿಲ್ಲ."

ಹೆಂಗಸರೆಲ್ಲ ಕಿಲಕಿಲ ನಕ್ಕರು. "ಹೇಳ್ರಿ ಯಜಮಾನ್ರೆ, ಹೇಳ್ರಿ" ಎಂದು ಗಂಡಸರೂ ಸೇರಿಕೊಂಡರು. ನನಗೆ ನಾಚಿಕೆಯಾಗಿ ಓಡಿಹೋಗೋಣ ಅನ್ನಿಸಿತು, ಕಾಲು ಮಾತ್ರ ಕದಲಲಿಲ್ಲ. ಇವರು ಕನ್ನಡಕ ತೆಗೆದು ಒರೆಸಿದರು, ಫ್ಯಾನಿನ ಕಡೆ ನೋಡಿದರು. ಕಿವಿ ಕೆಂಪಗಾಗಿದ್ದವು. ಆಧಾರ್ ಕಾರ್ಡಿನಲ್ಲಿರುವುದಾದರೂ ನೆನಪಿದೆಯೋ ಇಲ್ಲವೋ ಎಂದು ನಾನು ಉಸಿರು ಹಿಡಿದು ನಿಂತಿದ್ದೆ.

ಹೇಳಿದರು. ಕಾರ್ಡಿನಲ್ಲಿರುವುದನ್ನಲ್ಲ. ಅದು ಮದುವೆಯಾದಾಗ ನಮ್ಮತ್ತೆ ಇಟ್ಟ ಹೆಸರು. ಇವರು ಹೇಳಿದ್ದು ನನ್ನ ತವರಿನ ಹೆಸರು, ಅಪ್ಪ ಅವ್ವ ಕರೆಯುತ್ತಿದ್ದದ್ದು. ಅವ್ವ ಮಣ್ಣಾದ ದಿನವೇ ಅದೂ ಮಣ್ಣಾಯಿತೆಂದುಕೊಂಡಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಂದು ಅಷ್ಟು ಜನರ ಕಿವಿಗೆ ಬಿದ್ದದ್ದೇ ನನಗೆ ಸಹಿಸಲಾಗಿಲ್ಲ. ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿತು. ಅದರ ಹಿಂದೆಯೇ ಸಿಟ್ಟು ನೆತ್ತಿಗೇರಿತು.

ದಾವಣಗೆರೆಗೆ ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ:

"ಗೊತ್ತಿತ್ತಲ್ಲ ನಿಮಗೆ. ಇಷ್ಟು ವರ್ಷ ಒಂದ್ಸಲನಾದ್ರೂ ಕರೀಬೇಕು ಅನ್ನಿಸ್ಲಿಲ್ಲೇನ್ರಿ?"

ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನೀನು ಯಾವತ್ತೂ ಕೇಳ್ಲಿಲ್ಲಲ್ಲ" ಎಂದರು.

"ಆಕೀನೂ ಕೇಳಿದ್ದಿಲ್ಲ" ಎಂದೆ.